ಪುಟ್ಟನ ಎರಡು ಎಕ್ಕ

ಪುಟ್ಟ, ನಿನ್ನ ಮೆಸೇಜ್ ಈಗ ನೋಡಿದೆ. ಪೋಕರ್ ಆಟದಲ್ಲಿ ಎರಡು ಎಕ್ಕ ಬಂದಿತ್ತು, ರೈಸ್ ಮಾಡಿದ್ರೆ (ಪಂತ ಏರಿಸಿದ್ರೆ) ಎಲ್ಲರೂ ಓಡಿಹೋಗ್ತಾರೆ ಅಂತ ಸುಮ್ನೆ ಕಾಲ್ ಮಾಡಿದೆ (ಇದ್ದಷ್ಟೇ ಪಂತ ಹಾಕಿದೆ), ಐದು ಜನ ಒಳಗೆ ಬಂದ್ರು, ಬಿಗ್ ಬ್ಲೈಂಡ್‌ನಲ್ಲಿದ್ದ (ಎಲೆ ನೋಡುವ ಮುಂಚೆಯೇ ದೊಡ್ಡ ಕಡ್ಡಾಯ ಪಂತ ಹಾಕಿದ್ದ) ಮಾವ 7-4 ಇಟ್ಟುಕೊಂಡು ಎರಡು ಜೋಡಿ ಮಾಡಿ ಎಲ್ಲಾ ಬಾಚಿಕೊಂಡ್ರು, ಎಕ್ಕ ನನಗೆ ಆಗಿಬರಲ್ಲ ಅಂತ ಬರೆದಿದ್ದೀಯ. ಎಕ್ಕದ ತಪ್ಪೇನೂ ಇಲ್ಲ ಕಣೋ. ಮಾವನಿಗೆ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ತೆರೆಯುವ ಮೊದಲ ಮೂರು ಎಲೆ) ಪುಕ್ಕಟೆ ತೋರಿಸಿದ್ದು ನೀನೇ. ಅವರು ಒಂದು ಚಿಪ್ಪೂ ಹೆಚ್ಚಿಗೆ ಹಾಕಬೇಕಾಗಿರಲಿಲ್ಲ.

ಲೆಕ್ಕ ಕೇಳು. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ, ಎರಡು ಎಕ್ಕ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತೆ. ಇಬ್ಬರಿದ್ದರೆ 73. ಐದು ಜನ ಇದ್ದರೆ 50ಕ್ಕೂ ಸ್ವಲ್ಪ ಕೆಳಗೆ. 221 ಕೈಗೆ ಒಂದು ಸಲ ಬರುವ ಎಲೆಯನ್ನು ನೀನು ಟಾಸ್ ಹಾಕುವ ಆಟ ಮಾಡಿಬಿಟ್ಟೆ!

ನಿಮ್ಮ ಬ್ಲೈಂಡ್ 5-10, ಅಂದ್ರೆ ಸ್ಮಾಲ್ ಬ್ಲೈಂಡ್ 5, ಬಿಗ್ ಬ್ಲೈಂಡ್ 10 ಚಿಪ್ಸ್, ಅಲ್ವಾ? ನಿನಗಿಂತ ಮುಂಚೆ ಯಾರೂ ಬಂದಿಲ್ಲ ಅಂದ್ರೆ 30 ಹಾಕು. ಇಬ್ಬರು ಆಗಲೇ ಕಾಲ್ ಮಾಡಿದ್ದರೆ ತಲೆಗೆ ಇನ್ನೊಂದು 10 ಸೇರಿಸಿ 50. ಯಾರೋ 30 ಹಾಕಿದ್ದಾರೆ, ನೀನು ಅವರ ನಂತರ ಆಡುವವನು, ಆಗ 90. ಪ್ರತಿ ಸುತ್ತಲ್ಲೂ ಅವರಿಗಿಂತ ಮುಂಚೆ ಆಡಬೇಕಾದ ಜಾಗ ಆದರೆ ಇನ್ನೂ ಜಾಸ್ತಿ, 120ರವರೆಗೂ ಹೋಗಬಹುದು. 7-4 ಇಟ್ಟುಕೊಂಡು ಮಾವ ಇನ್ನೂ 20 ಹಾಕುತ್ತಿದ್ದರಾ? ಹಾಕುತ್ತಿದ್ದರೂ ಒಳ್ಳೆಯದೇ, ನಷ್ಟ ಅವರಿಗೆ.

ಇನ್ನೊಂದು. ಎಕ್ಕ ಬಂದಾಗ 60, ಜೋಡಿ ಹತ್ತು ಬಂದಾಗ 30 ಅಂತ ಮಾಡಬೇಡ. ಎರಡೇ ದಿನದಲ್ಲಿ ಅತ್ತೆ ಕಂಡುಹಿಡಿದುಬಿಡುತ್ತಾರೆ. ಅವರು ಆಟಕ್ಕಿಂತ ನಿನ್ನ ಮುಖ ಜಾಸ್ತಿ ನೋಡುತ್ತಾರೆ. ಎಲೆ ಯಾವುದೇ ಇರಲಿ, ಅಳತೆ ಒಂದೇ ಇರಲಿ.

ಜೋಡಿ ರಾಜ, ಜೋಡಿ ರಾಣಿ ಬಂದರೂ ಇದೇ ಆಟ. ಆದರೆ ಕೈಯಲ್ಲಿ ಎರಡು ರಾಜ ಇದ್ದಾಗಲೂ ನೂರಕ್ಕೆ ಸುಮಾರು 23 ಫ್ಲಾಪ್‌ನಲ್ಲಿ ಎಕ್ಕ ಬಂದು ಕೂರುತ್ತೆ. ಎದುರಿಗೆ ಒಬ್ಬರೇ ಇದ್ದರೆ ಅಷ್ಟು ಭಯವಿಲ್ಲ. ಐದು ಜನ ಇದ್ದರೆ ಯಾರ ಹತ್ತಿರವಾದರೂ ಇನ್ನೊಂದು ಎಕ್ಕ ಇದ್ದೇ ಇರುತ್ತೆ ಅನ್ನಿಸಿ ಕೈ ನಡುಗುತ್ತೆ. ಎಕ್ಕ-ರಾಜ ಒಟ್ಟಿಗೆ ಬಂದರೂ ರೈಸ್ ಮಾಡು. ಆದರೆ ಅದು ಇನ್ನೂ ಜೋಡಿ ಆಗಿಲ್ಲ. ಫ್ಲಾಪ್‌ನಲ್ಲಿ ಜೋಡಿ ಆಗುವುದು ಮೂರಕ್ಕೆ ಒಂದು ಸಲ. ಆಗಲಿಲ್ಲ ಅಂದ್ರೆ ಅಂಟಿಕೊಂಡು ಕೂರಬೇಡ.

ಎಲ್ಲರೂ ಫೋಲ್ಡ್ ಮಾಡಿದರೆ (ಎಲೆ ಬಿಟ್ಟುಕೊಟ್ಟರೆ) ಎರಡು ಬ್ಲೈಂಡ್‌ನ 15 ಚಿಪ್ಸ್ ಬಂತು, ತಗೋ. ಸುಮ್ನೆ ಕಾಲ್ ಮಾಡಿ ಕಾಯುವ ಆಟವೂ ಇದೆ, ಇಲ್ಲ ಅನ್ನಲ್ಲ. ನಿನ್ನ ಹಿಂದೆ ಕೂತವರು ಪ್ರತಿ ಕೈಯಲ್ಲೂ ರೈಸ್ ಮಾಡುವವರಾದರೆ ಮಾತ್ರ. ಅವರು ಹಾಕಲಿ, ಆಮೇಲೆ ನೀನು ಅದರ ಮೇಲೆ ಹಾಕು. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಬಿಡು.

ಅಂದ ಹಾಗೆ, ಆ ಕೈಯಲ್ಲಿ ನೀನು ಎಲ್ಲಿ ಕೂತಿದ್ದೆ? ಸ್ಮಾಲ್ ಬ್ಲೈಂಡ್‌ನಲ್ಲಿ ಕೂತು, ನಾಲ್ಕು ಜನ ಕಾಲ್ ಮಾಡಿದ ಮೇಲೂ ಬರೀ 5 ಸೇರಿಸಿದ್ದಾದರೆ, ನನಗೆ ಹೇಳಲೇಬೇಡ.