ರೋಮನ್ ಚಕ್ರವರ್ತಿಗಳ ಜೀವನಚರಿತ್ರೆ: ಯಾವುದನ್ನು ಕೊಳ್ಳಬೇಕು?

ಸಂಜೆಯ ಓದುಗ:
ರೋಮನ್ ಚಕ್ರವರ್ತಿಗಳ ಬಗ್ಗೆ ನಾನು ಇದುವರೆಗೆ ಓದಿರುವುದು ರಾಬರ್ಟ್ ಗ್ರೇವ್ಸ್ ಅವರ ‘ಐ, ಕ್ಲಾಡಿಯಸ್’ ಕಾದಂಬರಿಯನ್ನು ಮಾತ್ರ. ಇನ್ನು ನಿಜವಾದ ಜೀವನಚರಿತ್ರೆಗಳನ್ನು ಓದಬೇಕೆನಿಸಿದೆ. ಅಗಸ್ಟಸ್, ಕ್ಯಾಲಿಗುಲಾ, ಹೇಡ್ರಿಯನ್, ಈ ಮೂವರ ಮೇಲೆ ತಲಾ ಒಂದು ಪುಸ್ತಕ ಕೊಳ್ಳುವಷ್ಟು ಹಣ ತೆಗೆದಿಟ್ಟಿದ್ದೇನೆ. ಅಂಗಡಿಯಲ್ಲಿ ಒಬ್ಬೊಬ್ಬನ ಮೇಲೂ ನಾಲ್ಕೈದು ದಪ್ಪ ಸಂಪುಟಗಳಿದ್ದು, ಪ್ರತಿಯೊಂದರ ಬೆನ್ನುಡಿಯೂ ತಾನೇ ಶ್ರೇಷ್ಠವೆಂದು ಹೇಳಿಕೊಳ್ಳುತ್ತಿದೆ. ಒಳ್ಳೆಯದನ್ನು ಗುರುತಿಸುವುದು ಹೇಗೆಂದು ಬಲ್ಲವರು ತಿಳಿಸಬೇಕು.

ಹಳೆಯ ಪುಟ:
ಮೂರು ಪುಸ್ತಕಗಳಿಗೆ ಹಣ ಸುರಿಯುವ ಅಗತ್ಯವೇ ಇಲ್ಲ. ಸ್ವೆಟೋನಿಯಸ್ ಬರೆದ ಹನ್ನೆರಡು ಸೀಸರರ ಚರಿತ್ರೆಯೊಂದೇ ಸಾಕು. ಆತ ಚಕ್ರವರ್ತಿ ಹೇಡ್ರಿಯನ್ನನ ಪತ್ರವ್ಯವಹಾರದ ಕಾರ್ಯದರ್ಶಿಯಾಗಿದ್ದವನು. ಅರಮನೆಯ ಕಾಗದಪತ್ರಗಳನ್ನು ಕಣ್ಣಾರೆ ಕಂಡವನು. ಅಗಸ್ಟಸ್ ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ಸಾಲಿನ ಕೊನೆಯಲ್ಲಿ ಉಳಿದ ಅಕ್ಷರಗಳನ್ನು ಮುಂದಿನ ಸಾಲಿಗೆ ಒಯ್ಯದೆ ಅಲ್ಲಿಯೇ ಕೆಳಗೆ ಬರೆದು ಸುತ್ತ ಗೆರೆ ಎಳೆಯುತ್ತಿದ್ದ ಎಂಬುದನ್ನು ಕೈಬರಹ ನೋಡಿಯೇ ದಾಖಲಿಸಿದ್ದಾನೆ. ಕ್ಯಾಲಿಗುಲಾ ಕುದುರೆಯನ್ನು ಕಾನ್ಸಲ್ ಮಾಡಿದ್ದರಿಂದ (ಕಾನ್ಸಲ್ ಎಂದರೆ ರೋಮಿನ ಅತ್ಯುನ್ನತ ಅಧಿಕಾರ ಪದವಿ) ಹಿಡಿದು ನೀರೋನ ಸಂಗೀತದ ಹುಚ್ಚಿನವರೆಗೆ ಇಂದಿನ ಲೇಖಕರು ಬಡಿಸುವುದೆಲ್ಲ ಆತನ ಎಂಜಲೇ. ಮೂಲವೇ ಕೈಗೆ ಸಿಗುವಾಗ ಎಂಜಲಿಗೆ ಏಕೆ ಕೈಯೊಡ್ಡಬೇಕು?

ಅಡಿಟಿಪ್ಪಣಿ:
‘ಕುದುರೆಯನ್ನು ಕಾನ್ಸಲ್ ಮಾಡಿದ್ದರಿಂದ’ ಎಂದಿದ್ದೀರಲ್ಲ, ಅದನ್ನು ಸ್ವೆಟೋನಿಯಸ್ ಎಲ್ಲಿ ಬರೆದಿದ್ದಾನೆ? ಕ್ಯಾಲಿಗುಲಾನ ಚರಿತ್ರೆಯ 55ನೆಯ ಅಧ್ಯಾಯವನ್ನು ದಯವಿಟ್ಟು ತೆರೆಯಿರಿ. ಇನ್ಸಿಟಾಟಸ್ ಎಂಬ ಆ ಪಂದ್ಯದ ಕುದುರೆಗೆ ಅಮೃತಶಿಲೆಯ ಲಾಯ, ದಂತದ ಗೋದಲಿ, ನೇರಳೆ ಬಣ್ಣದ ಹೊದಿಕೆ, ರತ್ನದ ಕೊರಳಪಟ್ಟಿ, ಅದರ ಹೆಸರಿನಲ್ಲಿ ಊಟಕ್ಕೆ ಕರೆದ ಅತಿಥಿಗಳ ಸಲುವಾಗಿ ಒಂದು ಮನೆ ಮತ್ತು ಆಳುಗಳು ಇದ್ದುದನ್ನು ಹೇಳಿ, ಪಂದ್ಯದ ಹಿಂದಿನ ದಿನ ಅದರ ನಿದ್ದೆ ಕೆಡದಂತೆ ನೆರೆಹೊರೆಯನ್ನು ಸುಮ್ಮನಿರಿಸಲು ಸೈನಿಕರನ್ನು ಕಳುಹಿಸುತ್ತಿದ್ದುದನ್ನೂ ಹೇಳಿ, ಕಟ್ಟಕಡೆಗೆ ಮಾತ್ರ ‘ಟ್ರಾಡಿಟುರ್’ ಎಂಬ ಕ್ರಿಯಾಪದ ಹಾಕಿ ಕಾನ್ಸಲ್ ಪದವಿಯ ಮಾತೆತ್ತುತ್ತಾನೆ. ಕನ್ನಡದಲ್ಲಿ ಹೇಳುವುದಾದರೆ, ಕಾನ್ಸಲ್ ಪದವಿಯನ್ನೂ ಕೊಡಬೇಕೆಂದಿದ್ದನಂತೆ. ‘ಮಾಡಿದ’ ಬೇರೆ, ‘ಮಾಡಬೇಕೆಂದಿದ್ದನಂತೆ’ ಬೇರೆ. ಮೂಲವನ್ನೇ ಓದಿ ಎನ್ನುವವರು ಮೂಲದ ಕ್ರಿಯಾಪದವನ್ನಾದರೂ ಓದಬೇಡವೇ?

ಮೂಲಪ್ರಶ್ನೆಗೆ ನನ್ನ ಉತ್ತರ ಇಷ್ಟು. ಅಗಸ್ಟಸನ ಯಾವ ಜೀವನಚರಿತ್ರೆಯನ್ನು ಕೈಗೆತ್ತಿಕೊಂಡರೂ ಮೊದಲು ಅವನು ಸತ್ತ ಪುಟವನ್ನು ತೆರೆಯಿರಿ. ಅವನ ಹೆಂಡತಿ ಲಿವಿಯಾ ಮರದಲ್ಲಿದ್ದ ಅಂಜೂರದ ಹಣ್ಣುಗಳಿಗೆ ವಿಷ ಸವರಿದಳೆಂಬ ವದಂತಿಯನ್ನು ಇತಿಹಾಸಕಾರ ಡಿಯೋ ಕ್ಯಾಸಿಯಸ್ ಹೇಳುತ್ತಾನೆ. ಕೆಲವರು ಹೆಂಡತಿಯನ್ನು ಶಂಕಿಸಿದರೆಂದಷ್ಟೇ ಇನ್ನೊಬ್ಬ ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಸ್ವೆಟೋನಿಯಸನ ಪ್ರಕಾರ ಅವನು ಲಿವಿಯಾಳಿಗೆ ಮುತ್ತಿಡುತ್ತಲೇ ಪ್ರಾಣ ಬಿಟ್ಟ. ಈ ಮೂರೂ ಮಾತುಗಳನ್ನು ಓದುಗನ ಮುಂದಿಟ್ಟು ನಂತರ ತನ್ನ ತೀರ್ಪು ಹೇಳುವವನೇ ಒಳ್ಳೆಯ ಲೇಖಕ.

ಬಯಲುಸೀಮೆ:
‘ಅಂತೆ’ ಎಂಬ ಒಂದು ಪ್ರತ್ಯಯಕ್ಕೆ ಜೋತುಬಿದ್ದು ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ಡಿಯೋ ಕ್ಯಾಸಿಯಸ್ ತನ್ನ 59ನೆಯ ಪುಸ್ತಕದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿದ್ದಾನೆ. ಕ್ಯಾಲಿಗುಲಾ ಕುದುರೆಯನ್ನು ಊಟಕ್ಕೆ ಕರೆದು ಚಿನ್ನದ ಜವೆಗೋಧಿ ಇಡುತ್ತಿದ್ದ, ಕಾನ್ಸಲ್ ಮಾಡುವುದಾಗಿ ಮಾತು ಕೊಟ್ಟಿದ್ದ, ಬದುಕಿದ್ದರೆ ಮಾಡಿಯೂ ಬಿಡುತ್ತಿದ್ದ. ಅಷ್ಟೇ ಅಲ್ಲ, ತನ್ನ ಪೂಜೆಗೆ ಆ ಕುದುರೆಯನ್ನು ಸಹ-ಪುರೋಹಿತನಾಗಿ ನೇಮಿಸಿದನೆಂದೂ ಅದೇ ಪುಸ್ತಕದಲ್ಲಿದೆ. ಅಲ್ಲಿ ‘ಅಂತೆ’ ಎಲ್ಲಿದೆ, ತೋರಿಸಿ.

ಅಡಿಟಿಪ್ಪಣಿ:
ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿಗೆ ತಾವೂ ಸೇರಿದಿರಿ. ಕ್ಯಾಲಿಗುಲಾ ಕೊಲೆಯಾದದ್ದು ಕ್ರಿ.ಶ. 41ರ ಜನವರಿಯಲ್ಲಿ, ಡಿಯೋ ಬರೆದದ್ದು ಮೂರನೆಯ ಶತಮಾನದ ಆರಂಭದಲ್ಲಿ. ಸತ್ತವನು ‘ಬದುಕಿದ್ದರೆ ಮಾಡಿಯೂ ಬಿಡುತ್ತಿದ್ದ’ ಎಂಬುದು ಅವನಿಗೆ ಹೇಗೆ ಗೊತ್ತಾಯಿತು? ಕ್ಯಾಲಿಗುಲಾನನ್ನು ಎದುರಿಗೆ ಕಂಡು ಬರೆದವರು ಇಬ್ಬರಿದ್ದಾರೆ. ಅಲೆಕ್ಸಾಂಡ್ರಿಯಾದ ಯಹೂದಿಗಳ ನಿಯೋಗದ ಮುಖಂಡನಾಗಿ ಬಂದಿದ್ದ ಫಿಲೋ, ಚಕ್ರವರ್ತಿ ತನ್ನ ಉದ್ಯಾನದ ಕಟ್ಟಡಗಳಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತ, ಕಿಟಕಿಗಳಿಗೆ ಏನು ಹಾಕಿಸಬೇಕೆಂದು ಆಜ್ಞೆ ಮಾಡುತ್ತ, ನಡುವೆ ಥಟ್ಟನೆ ತಿರುಗಿ ‘ನೀವು ಹಂದಿಮಾಂಸ ಏಕೆ ತಿನ್ನುವುದಿಲ್ಲ’ ಎಂದು ಕೇಳಿದ್ದನ್ನೂ, ಸುತ್ತಲಿನವರು ನಕ್ಕದ್ದನ್ನೂ ಬರೆದಿದ್ದಾನೆ. ಎರಡನೆಯವನು ಸೆನೆಕಾ, ಆ ಕಾಲದ ಸೆನೆಟರ್, ಕ್ಯಾಲಿಗುಲಾನ ರೂಪವನ್ನೂ ಬಿಡದೆ ಹೀಗಳೆದವನು. ಇಷ್ಟು ದ್ವೇಷವಿದ್ದ ಇಬ್ಬರೂ ಕುದುರೆಯ ಬಗ್ಗೆ ಮೌನವಾಗಿದ್ದಾರೆ.

ಹಳೆಯ ಪುಟ:
ಮೌನವೂ ಸಾಕ್ಷ್ಯವಾಗುತ್ತದೆಂದು ಇವತ್ತೇ ತಿಳಿಯಿತು. ತನ್ನ ಜನರ ಪ್ರಾಣ ಉಳಿಸಲು ಬಂದಿದ್ದ ಫಿಲೋ ಕುದುರೆ ಲಾಯದ ವರದಿ ಬರೆಯಬೇಕಿತ್ತೇ? ಟ್ಯಾಸಿಟಸ್ ಬರೆದ ‘ಆನಲ್ಸ್’ನ 7ರಿಂದ 10ರವರೆಗಿನ ಪುಸ್ತಕಗಳು ಪೂರ್ತಿಯಾಗಿ ಕಳೆದುಹೋಗಿದ್ದು, ಕ್ಯಾಲಿಗುಲಾನ ಇಡೀ ಆಳ್ವಿಕೆ ಅವುಗಳ ಜೊತೆಯಲ್ಲೇ ಹೋಗಿದೆ. ಉಳಿದಿದ್ದರೆ ಅಲ್ಲಿ ಏನಿರುತ್ತಿತ್ತೆಂದು ತಾವೂ ಹೇಳಲಾರಿರಿ, ನಾನೂ ಹೇಳಲಾರೆ. ಸ್ವೆಟೋನಿಯಸನ ಎಚ್ಚರಿಕೆಗೆ ಸಾಕ್ಷಿ ಬೇಕಾದರೆ ಅದೇ ಚರಿತ್ರೆಯ 8ನೆಯ ಅಧ್ಯಾಯ ನೋಡಿ. ಕ್ಯಾಲಿಗುಲಾ ಹುಟ್ಟಿದ್ದು ಟಿಬುರ್ ಎಂಬ ಊರಿನಲ್ಲಿ ಎಂದು ಒಬ್ಬ, ಟ್ರೆವೆರಿ ಜನರ ನಾಡಿನಲ್ಲಿ ಎಂದು ಪ್ಲಿನಿ ಹೇಳುವುದನ್ನು ಎದುರಿಗಿಟ್ಟುಕೊಂಡು, ಇಬ್ಬರನ್ನೂ ತಳ್ಳಿಹಾಕಿ, ಸರ್ಕಾರಿ ದಾಖಲೆಯ ಆಧಾರದಲ್ಲಿ ಆಂಟಿಯಂ ಎಂದು ನಿರ್ಣಯಿಸುತ್ತಾನೆ. ಹುಟ್ಟಿದ ಊರಿಗೇ ಇಷ್ಟು ಶೋಧ ಮಾಡಿದವನು ಕುದುರೆಯ ಬಗ್ಗೆ ಬಾಯಿಗೆ ಬಂದದ್ದನ್ನು ಬರೆದನೇ?

ಅಡಿಟಿಪ್ಪಣಿ:
ಬಾಯಿಗೆ ಬಂದದ್ದನ್ನು ಬರೆದನೆಂದು ನಾನು ಹೇಳಲಿಲ್ಲ, ಸ್ವಾಮಿ. ಹುಟ್ಟಿದ ಊರಿಗೆ ದಾಖಲೆ ಸಿಕ್ಕಿತು, ತೋರಿಸಿದ. ಕುದುರೆಗೆ ಸಿಗಲಿಲ್ಲ, ‘ಅಂತೆ’ ಎಂದ. ತಾವೇ ಆತನ ಪರವಾಗಿ ವಾದಿಸುತ್ತ ಆತನ ಎಚ್ಚರಿಕೆಯನ್ನೇ ಅಳಿಸುತ್ತಿದ್ದೀರಿ. 22ನೆಯ ಅಧ್ಯಾಯಕ್ಕೆ ಬಂದಾಗ ‘ಇಲ್ಲಿಯವರೆಗೆ ಅರಸನ ಮಾತಾಯಿತು, ಇನ್ನು ರಾಕ್ಷಸನ ಮಾತು’ ಎಂಬರ್ಥದ ಸಾಲು ಹಾಕಿ, ಒಳ್ಳೆಯದನ್ನೆಲ್ಲ ಆಚೆ, ಕೆಟ್ಟದ್ದನ್ನೆಲ್ಲ ಈಚೆ ರಾಶಿ ಹಾಕುವವನನ್ನು ಕಾಲಾನುಕ್ರಮದ ಇತಿಹಾಸಕಾರನಂತೆ ಓದಲಾಗದು ಎಂಬುದಷ್ಟೇ ನನ್ನ ವಾದ.

ಶಾಸನಾಸಕ್ತ:
ಬರಹಗಾರರನ್ನು ಬರಹಗಾರರಿಂದಲೇ ತೂಗುತ್ತ ಕುಳಿತರೆ ಈ ಜಗಳ ಮುಗಿಯುವುದಿಲ್ಲ. ಕಲ್ಲು, ಕಂಚು, ನಾಣ್ಯಗಳನ್ನು ಬಳಸಿದ ಪುಸ್ತಕವನ್ನು ಆರಿಸಿಕೊಳ್ಳಬೇಕು. ಗಾಲ್ ನಾಡಿನ ಗಣ್ಯರಿಗೆ ಸೆನೆಟ್‌ನಲ್ಲಿ ಸ್ಥಾನ ಕೊಡಬೇಕೆಂದು ಕ್ಲಾಡಿಯಸ್ ಕ್ರಿ.ಶ. 48ರಲ್ಲಿ ಮಾಡಿದ ಭಾಷಣವನ್ನು ಟ್ಯಾಸಿಟಸ್ ಕೊಟ್ಟಿದ್ದಾನೆ, ಎಷ್ಟು ನಯವಾಗಿದೆ ನೋಡಿ. ಅದೇ ಭಾಷಣವನ್ನು ಕೆತ್ತಿದ ಕಂಚಿನ ಫಲಕ 1528ರಲ್ಲಿ ಲಿಯೋನ್‌ನಲ್ಲಿ ಸಿಕ್ಕಿದ್ದು, ಅದರಲ್ಲಿ ಕ್ಲಾಡಿಯಸ್ ಎಟ್ರಸ್ಕನ್ ರಾಜರ ಕಥೆಯೊಳಗೆ ಹೊಕ್ಕು ಹೊರಬರಲಾಗದೆ, ಕೊನೆಗೆ ತನ್ನ ಹೆಸರನ್ನೇ ಹಿಡಿದು ಕರೆದುಕೊಂಡು, ಮಾತು ಎತ್ತ ಹೊರಟಿದೆಯೆಂದು ಸೆನೆಟರರಿಗೆ ತಿಳಿಸುವ ಹೊತ್ತಾಯಿತು ಎನ್ನುತ್ತಾನೆ. ಆ ತಡವರಿಕೆಯಲ್ಲಿ ಮನುಷ್ಯ ಕಾಣುತ್ತಾನೆ. ಟ್ಯಾಸಿಟಸ್ ಅದನ್ನು ಒರೆಸಿ ಹಾಕಿದ್ದಾನೆ.

ಪ್ರಕಟಣೆಯ ವರ್ಷವನ್ನೂ ನೋಡಬೇಕು. ಚಕ್ರವರ್ತಿ ಟೈಬೀರಿಯಸನ ದತ್ತುಪುತ್ರ ಜರ್ಮಾನಿಕಸನ ಸಾವಿನ ನಂತರ ಸಿರಿಯಾದ ರಾಜ್ಯಪಾಲನಾಗಿದ್ದ ಪೀಸೋನ ಮೇಲೆ ನಡೆದ ವಿಚಾರಣೆಯ ಬಗ್ಗೆ ಸೆನೆಟ್ ಕ್ರಿ.ಶ. 20ರಲ್ಲಿ ಹೊರಡಿಸಿದ ನಿರ್ಣಯ ಸ್ಪೇನ್‌ನಲ್ಲಿ ಕಂಚಿನ ಮೇಲೆ ಸಿಕ್ಕಿ, ಅದರ ಪೂರ್ಣಪಾಠ ಪ್ರಕಟವಾದದ್ದು 1996ರಲ್ಲಿ. ಬಾರ್ಬರಾ ಲೆವಿಕ್ ಅವರ ಟೈಬೀರಿಯಸ್ 1976ರದ್ದು, ಉತ್ತಮ ಪುಸ್ತಕವೇ ಸರಿ, ಆದರೆ ಬರೆಯುವಾಗ ಅವರ ಮುಂದೆ ಆ ಪಾಠ ಇರಲಿಲ್ಲ. ಅದೇ ಟೈಬೀರಿಯಸನ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ. ಅವನ ಬಗೆಗಿನ ಕಾಪ್ರಿ ದ್ವೀಪದ ಕಾಮಕಥೆಗಳನ್ನಷ್ಟೇ ಓದಿದವನಿಗೆ ಅಷ್ಟು ದೂರ ಓಡಾಡಿದ ಹಣದ ಹಿಂದೆ ಎಂಥ ಆಡಳಿತವಿತ್ತೆಂಬುದು ಹೊಳೆಯುವುದೇ ಇಲ್ಲ.

ಬಯಲುಸೀಮೆ:
ನಾಣ್ಯ ಎಂದಿರಿ, ಸಂತೋಷ. ಚಂದ್ರವಳ್ಳಿಯ ನಾಣ್ಯದ ಮೇಲೆ ಕುದುರೆಯನ್ನು ಕಾನ್ಸಲ್ ಮಾಡಲಿಲ್ಲ ಎಂದು ಬರೆದಿದೆಯೇ? ನಾಣ್ಯ ಅಚ್ಚು ಹಾಕಿಸುವವನು ಚಕ್ರವರ್ತಿಯೇ. ಅವನು ತನ್ನ ಹುಚ್ಚನ್ನು ಬೆಳ್ಳಿಯ ಮೇಲೆ ಒತ್ತಿಸುತ್ತಾನೆಯೇ? ಶಾಸನ, ನಾಣ್ಯಗಳೆಲ್ಲ ಆ ಕಾಲದ ಸರ್ಕಾರಿ ಜಾಹೀರಾತುಗಳು.

ಶಾಸನಾಸಕ್ತ:
ನಾನು ಕುದುರೆಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಓದಿ ಉತ್ತರಿಸುವ ತಾಳ್ಮೆ ಇಲ್ಲದವರ ಜೊತೆ ವಾದಿಸುವ ತಾಳ್ಮೆ ನನಗೂ ಇಲ್ಲ.

ಸಂಜೆಯ ಓದುಗ:
ದಯವಿಟ್ಟು ಸಿಟ್ಟಾಗಬೇಡಿ. ಕ್ಯಾಲಿಗುಲಾನ ಮೇಲೆ ಅಂಗಡಿಯಲ್ಲಿ ಎರಡು ಪುಸ್ತಕಗಳಿವೆ, ಆಂಟನಿ ಬ್ಯಾರೆಟ್ ಅವರದು ಮತ್ತು ಅಲೋಯಿಸ್ ವಿಂಟರ್ಲಿಂಗ್ ಅವರದು. ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಲಿ?

ಅಡಿಟಿಪ್ಪಣಿ:
ವಿಂಟರ್ಲಿಂಗ್. ಜರ್ಮನ್‌ನಲ್ಲಿ 2003ರಲ್ಲಿ, ಇಂಗ್ಲಿಷ್‌ನಲ್ಲಿ 2011ರಲ್ಲಿ ಬಂತು. ಕ್ಯಾಲಿಗುಲಾ ಹುಚ್ಚನಾಗಿರಲಿಲ್ಲ, ತನ್ನ ಮುಂದೆ ಹಲ್ಲುಗಿಂಜಿ ಬೆನ್ನ ಹಿಂದೆ ಸಂಚು ಹೂಡುತ್ತಿದ್ದ ಸೆನೆಟರರನ್ನು ಬೇಕೆಂದೇ ಅವಮಾನಿಸುತ್ತಿದ್ದ ಎಂಬುದು ಅವರ ವಾದ. ದೊಡ್ಡ ಮನೆ, ಆಳುಕಾಳು, ಕೊನೆಗೊಂದು ಕಾನ್ಸಲ್ ಪದವಿ, ಸೆನೆಟರನೊಬ್ಬ ಜೀವಮಾನವಿಡೀ ಬಯಸುವುದು ಇಷ್ಟೇ; ಅದನ್ನು ನನ್ನ ಕುದುರೆಗೂ ಕೊಡಬಲ್ಲೆ ಎಂಬುದೇ ಆ ಮಾತಿನ ಚುಚ್ಚು.

ಹಳೆಯ ಪುಟ:
ಹಾಗಾದರೆ ಕುದುರೆಯ ಪ್ರಸಂಗ ನಡೆಯಿತೆಂದು ಒಪ್ಪಿಕೊಂಡಂತಾಯಿತು! ಫಿಲೋನ ಮೌನ, ಸೆನೆಕಾನ ಮೌನ, ಡಿಯೋನ ತಡವಾದ ಜನನ ಎಂದೆಲ್ಲ ಹೇಳಿ ನಾನು ಕಟ್ಟಿದ ಕುದುರೆಯನ್ನು ಬಿಚ್ಚಿಸಿದಿರಿ. ಈಗ ವಿಂಟರ್ಲಿಂಗ್ ಅದನ್ನೇ ಏರಿ ಬಂದಾಗ ಮಣೆ ಹಾಕುತ್ತಿದ್ದೀರಿ. ಪ್ರಸಂಗವೇ ಸುಳ್ಳಾದರೆ ಅದರೊಳಗಿನ ವ್ಯಂಗ್ಯ ಮಾತ್ರ ಹೇಗೆ ನಿಜವಾದೀತು?

ಅಡಿಟಿಪ್ಪಣಿ:
ಪ್ರಸಂಗ ಸುಳ್ಳೆಂದು ನಾನು ಎಲ್ಲಿಯೂ ಹೇಳಿಲ್ಲ. ನೇಮಕ ನಡೆಯಲಿಲ್ಲ ಎಂದೆ. ಆಡಿದ ಮಾತು ಬೇರೆ, ಮಾಡಿದ ಕೆಲಸ ಬೇರೆ. ವ್ಯಂಗ್ಯಕ್ಕೆ ಆಡಿದ ಮಾತೇ ಸಾಕು. ಆ ಮಾತನ್ನಾದರೂ ಆಡಿದನೇ ಎಂಬುದಕ್ಕೆ ಸ್ವೆಟೋನಿಯಸ್, ಡಿಯೋ ಬಿಟ್ಟರೆ ಆಧಾರವಿಲ್ಲ ಎಂಬುದು ನನಗೆ ಗೊತ್ತಿದೆ, ತಾವು ನೆನಪಿಸಬೇಕಾಗಿಲ್ಲ.

ಬಯಲುಸೀಮೆ:
ವಿಂಟರ್ಲಿಂಗ್ ಅವರದು ಇನ್ನೊಂದು ಬಗೆಯ ಅತಿರೇಕ. ಅವನು ಸೀನಿದರೂ ರಾಜಕೀಯ, ಕೆಮ್ಮಿದರೂ ರಾಜಕೀಯ. 1989ರ ಬ್ಯಾರೆಟ್ ಪುಸ್ತಕ ನೋಡಿ, ಯಾವ ಮಾತಿಗೆ ಯಾವ ಆಧಾರವೆಂದು ಹೆಜ್ಜೆಹೆಜ್ಜೆಗೂ ಲೆಕ್ಕ ಕೊಡುತ್ತಾರೆ. ಅಗಸ್ಟಸನಿಗೆ ಎವರಿಟ್ ಬೇಡ, ಸಾವನ್ನು ಕಲ್ಪಿಸಿಕೊಂಡು ಬರೆದೇ ಪುಸ್ತಕ ಆರಂಭಿಸುತ್ತಾರೆ. 2014ರ ಗೋಲ್ಡ್ಸ್‌ವರ್ದಿ ಇರಲಿ.

ಅಡಿಟಿಪ್ಪಣಿ:
ಆಧಾರದ ಲೆಕ್ಕ ಕೊಡಬೇಕೆಂಬ ನನ್ನ ಮಾತನ್ನೇ ತಾವು ಈಗ ಬ್ಯಾರೆಟ್ ಹೆಸರಿನಲ್ಲಿ ಹೇಳುತ್ತಿದ್ದೀರಿ. ಧನ್ಯವಾದಗಳು.

ಬಯಲುಸೀಮೆ:
ಅದು ನಿಮ್ಮ ಮಾತಲ್ಲ, ಓದು ಬಲ್ಲ ಎಲ್ಲರ ಮಾತು. ಅದನ್ನೂ ತಮ್ಮ ಖಾತೆಗೆ ಬರೆದುಕೊಳ್ಳಬೇಡಿ.

ಸಂಜೆಯ ಓದುಗ:
ಬ್ಯಾರೆಟ್ ಮತ್ತು ಗೋಲ್ಡ್ಸ್‌ವರ್ದಿ ತರಿಸುತ್ತೇನೆ. ಗ್ರಂಥಾಲಯದಿಂದ ಸ್ವೆಟೋನಿಯಸನನ್ನೂ ತಂದೆ. ಒಂದು ಸಂಶಯ. ಹನ್ನೆರಡು ಸೀಸರರ ಪಟ್ಟಿ ಕ್ರಿ.ಶ. 96ರಲ್ಲಿ ಸತ್ತ ಡೊಮಿಷಿಯನ್‌ಗೆ ಮುಗಿಯುತ್ತದೆ. ನಾನು ಕೇಳಿದ ಹೇಡ್ರಿಯನ್ ಪಟ್ಟಕ್ಕೆ ಬಂದದ್ದು 117ರಲ್ಲಿ. ಈ ಪುಸ್ತಕದಲ್ಲಿ ಅವನು ಇಲ್ಲವೇ ಇಲ್ಲವಲ್ಲ?

ಶಾಸನಾಸಕ್ತ:
ಹೇಡ್ರಿಯನ್‌ಗೆ ಆಂಟನಿ ಬರ್ಲಿ, 1997. ಅವನು ಸಾಮ್ರಾಜ್ಯವಿಡೀ ಸುತ್ತಿದ ದಾರಿಯನ್ನು ಶಾಸನಗಳಿಂದಲೇ ಜೋಡಿಸಿದ್ದಾರೆ.

ಅಡಿಟಿಪ್ಪಣಿ:
ಶಾಸನಗಳಿಂದ ‘ಲೇ’ ಅಲ್ಲ, ‘ಹಿಸ್ಟೋರಿಯಾ ಆಗಸ್ಟಾ’ ಎಂಬ, ಚಕ್ರವರ್ತಿಗಳ ಜೀವನಚರಿತ್ರೆಗಳ ಹಳೆಯ ಲ್ಯಾಟಿನ್ ಸಂಕಲನದಿಂದಲೂ. ಆರು ಜನ ಬರೆದದ್ದೆಂದು ಹೇಳಿಕೊಳ್ಳುವ ಆ ಸಂಕಲನ ಒಬ್ಬನದೇ ಕೈವಾಡವೆಂದು ಜರ್ಮನ್ ವಿದ್ವಾಂಸ ಡೆಸ್ಸಾವ್ 1889ರಲ್ಲೇ ವಾದಿಸಿದ್ದಾರೆ. ಅಂದಹಾಗೆ, ಸಾಮ್ರಾಜ್ಞಿ ಸಬೀನಾಳ ಜೊತೆ ಸಲುಗೆಯಿಂದ ನಡೆದುಕೊಂಡದ್ದಕ್ಕೆ ಸ್ವೆಟೋನಿಯಸನನ್ನು ಕೆಲಸದಿಂದ ತೆಗೆದರೆಂಬ ಕಥೆಯೂ ಅಲ್ಲಿಂದಲೇ ಬಂದದ್ದು.

ಹಳೆಯ ಪುಟ:
ಹನ್ನೆರಡು ಸೀಸರರೆಂದು ನಾನು ಮೊದಲೇ ಸ್ಪಷ್ಟವಾಗಿ ಬರೆದಿದ್ದೆ. ಹೇಡ್ರಿಯನ್ ಹದಿಮೂರನೆಯವನೂ ಅಲ್ಲ ಎಂಬುದು ನನಗೆ ತಿಳಿಯದ ವಿಷಯವಲ್ಲ. ಕುದುರೆಯ ವಿಷಯದಲ್ಲಿ ‘ಮಾಡಿದ’ ಎಂಬುದನ್ನು ‘ಮಾಡಲು ಹೊರಟಿದ್ದ’ ಎಂದು ಓದಿಕೊಳ್ಳಲು ನನ್ನ ಅಭ್ಯಂತರವಿಲ್ಲ. ‘ಅಂತೆ’ ಮಾತ್ರ ಸೇರಿಸುವುದಿಲ್ಲ.