ಡಿವಿಡಿ ಮೆನು ಬಟನ್‌ಗೆ ಸದ್ದು ಸೇರಿಸುವುದು ಹೇಗೆ? (ಅಪ್ಪಯ್ಯನ ಯಕ್ಷಗಾನ ಟೇಪುಗಳು)

ಮದ್ದಳೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಹತ್ತಿರ ಊರು. ಅಪ್ಪಯ್ಯ ಮೂವತ್ತು ವರ್ಷ ಮದ್ದಳೆ ಬಾರಿಸಿದವರು. ಅವರಿದ್ದ ಮೂರು ಆಟಗಳು ಮಿನಿ ಡಿವಿ ಟೇಪಲ್ಲಿ ಸಿಕ್ಕಿವೆ. ಒಂದೊಂದು ಆಟಕ್ಕೆ ಎರಡೆರಡು ಟೇಪು, ಟೇಪಿಗೆ 60 ನಿಮಿಷ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡುತ್ತಿದ್ದೇನೆ. ಪೆನ್‌ಡ್ರೈವ್ ಸಾಕಲ್ವಾ ಅಂತ ತಮ್ಮನೂ ಕೇಳಿದ, ಆದರೆ ಅಪ್ಪಯ್ಯನ ಕೈಗೆ ರೂಢಿ ಇರುವುದು ಆ ಹಳೇ ಪ್ಲೇಯರ್ ಮತ್ತು ಅದರ ರಿಮೋಟ್, ಯಾವ ಗುಂಡಿ ಎಲ್ಲಿದೆ ಅಂತ ಬೆರಳಿಗೇ ಗೊತ್ತು.

ಸಮಸ್ಯೆ ಇಷ್ಟೇ. ಅವರಿಗೆ ಗ್ಲಾಕೋಮಾ, ಈಗ ದೃಷ್ಟಿ ತುಂಬಾ ಕಮ್ಮಿ. ಟಿವಿಯಲ್ಲಿ ವೇಷ ಕುಣಿಯುವುದು ನೆರಳಿನ ಹಾಗೆ ಕಾಣುತ್ತದೆ, ಮೆನುವಿನ ಅಕ್ಷರ ಕಾಣುವುದಿಲ್ಲ. ಬಾಣದ ಗುಂಡಿ ಒತ್ತಿದರೆ ಹಳದಿ ಗುರುತು ಕೆಳಗೆ ಹೋಗುತ್ತದೆ ನಿಜ, ಆದರೆ ಹೋಯಿತಾ ಇಲ್ಲವಾ ಅಂತ ಅವರಿಗೆ ತಿಳಿಯುವುದಿಲ್ಲ. ಮತ್ತೆ ಮತ್ತೆ ಒತ್ತಿ ಬೇರೆಲ್ಲೋ ಹೋಗುತ್ತಾರೆ, ಆಮೇಲೆ ರಿಮೋಟ್ ಬದಿಗಿಟ್ಟು ಸುಮ್ನೆ ಕೂತುಬಿಡುತ್ತಾರೆ. ಅದು ನೋಡಲಿಕ್ಕೆ ನನಗೆ ಆಗುವುದಿಲ್ಲ. ಬಾಣ ಒತ್ತಿದಾಗ ಚಂಡೆಯ ಒಂದು ಪೆಟ್ಟು, ಓಕೆ ಒತ್ತಿದಾಗ ಜಾಗಟೆ, ಹೀಗೆ ಮಾಡಲಿಕ್ಕೆ ಆಗುತ್ತದಾ? ನಾನು ಬಳಸುತ್ತಿರುವ ಡಿವಿಡಿ ಮಾಡುವ ಸಾಫ್ಟ್‌ವೇರ್ ಡಿವಿಡಿ ಸ್ಟೈಲರಿನಲ್ಲಿ ಬಟನ್‌ನ ಬಣ್ಣ, ಅಳತೆ, ಎಲ್ಲಿಗೆ ಹಾರಬೇಕು ಎಲ್ಲ ಇದೆ. ಸದ್ದು ಕೊಡುವ ಜಾಗ ಮಾತ್ರ ಕಾಣಲಿಲ್ಲ.

ಎಡಿಟಿಂಗ್ ಟೇಬಲ್:
ಕಾಣದಿರುವುದು ನಿಮ್ಮ ತಪ್ಪಲ್ಲ, ಡಿವಿಡಿಯಲ್ಲಿ ಆ ಸೌಲಭ್ಯವೇ ಇಲ್ಲ. ನಾನು ಹಾಸನದಲ್ಲಿ ಎಷ್ಟೋ ವರ್ಷ ಮದುವೆ ಡಿವಿಡಿ ಮಾಡಿದವನು, ಇದೇ ಪ್ರಶ್ನೆ ಹಿಡಿದು ನಾನೂ ಒದ್ದಾಡಿದ್ದೇನೆ.

ಮೆನು ಅಂದರೆ ಹಿಂದೆ ಓಡುವ ಒಂದು ವಿಡಿಯೋ, ಅದರ ಜೊತೆಗೇ ಅದರ ಆಡಿಯೋ. ಹಳದಿ ಗುರುತು ಬರುವುದು ಮೇಲಿನ ಬೇರೆ ಪದರದಲ್ಲಿ. ಅದಕ್ಕೆ ಸಬ್‌ಪಿಕ್ಚರ್ ಅನ್ನುತ್ತಾರೆ, ಸಬ್‌ಟೈಟಲ್ ಬರುವುದೂ ಅದರಲ್ಲೇ. ನಾಲ್ಕೇ ಬಣ್ಣ, ಅದರಲ್ಲಿ ಒಂದು ಸಾಮಾನ್ಯವಾಗಿ ಪಾರದರ್ಶಕ. ಬಾಣ ಒತ್ತಿದಾಗ ಪ್ಲೇಯರ್ ಆ ಚೌಕದ ಬಣ್ಣ ಬದಲಿಸುತ್ತದೆ, ಅಷ್ಟೇ. ಬ್ಲೂ-ರೇಯಲ್ಲಿ ಬಟನ್ ಸದ್ದಿಗೆ ಅಂತಲೇ ಬೇರೆ ಫೈಲ್ ಇರುತ್ತದೆ, ಡಿವಿಡಿಯಲ್ಲಿ ಇಲ್ಲ.

ಓಕೆ ಒತ್ತಿದಾಗಿನ ಸದ್ದಿಗೆ ದಾರಿ ಇದೆ. ಬಟನ್ ಅನ್ನು ನೇರ ಆಟಕ್ಕೆ ಜೋಡಿಸಬೇಡಿ. ಮಧ್ಯೆ ಎರಡು ಸೆಕೆಂಡಿನ ಚಿಕ್ಕ ಕ್ಲಿಪ್ ಇಡಿ. ಚಿತ್ರ ಅದೇ ಮೆನುವಿನದ್ದು, ಆಡಿಯೋದಲ್ಲಿ ನಿಮ್ಮ ಜಾಗಟೆ. ಕ್ಲಿಪ್ ಮುಗಿದ ಮೇಲೆ ಆಟಕ್ಕೆ ಹೋಗುವಂತೆ ಕಮಾಂಡ್ ಕೊಡಿ. ಪಾಲ್‌ನಲ್ಲಿ, ಅಂದರೆ ನಮ್ಮ ಕಡೆಯ ಟಿವಿ ಪದ್ಧತಿಯಲ್ಲಿ, ಚಿತ್ರ 720×576, ಸೆಕೆಂಡಿಗೆ 25 ಫ್ರೇಮ್, ಆಡಿಯೋ 48 ಕಿಲೋಹರ್ಟ್ಸ್ ಇರಲೇಬೇಕು. ಸಿಡಿಯಿಂದ ತೆಗೆದ ಸದ್ದಾದರೆ ಅದು 44.1 ಇರುತ್ತದೆ, ಬದಲಿಸಿಕೊಳ್ಳಿ. ಟೇಪುಗಳನ್ನೂ ಒಮ್ಮೆ ನೋಡಿ. ಕ್ಯಾಮೆರಾವನ್ನು 12 ಬಿಟ್‌ನಲ್ಲಿ ಇಟ್ಟು ತೆಗೆದಿದ್ದರೆ ಆಡಿಯೋ 32 ಕಿಲೋಹರ್ಟ್ಸ್ ಬಂದಿರುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕ್ಲಿಪ್ಪಿನ ಮೊದಲ ಅರ್ಧ ಸೆಕೆಂಡ್ ಖಾಲಿ ಬಿಡಿ. ಒಂದು ಮದುವೆಗೆ ನಾದಸ್ವರದ ತುಣುಕು ಹಾಕಿದ್ದೆ, ನನ್ನ ಟೇಬಲ್ಲಿನಲ್ಲಿ ಚೆನ್ನಾಗಿ ಕೇಳಿತು, ಅವರ ಮನೆಯ ಹೋಂ ಥಿಯೇಟರಿನಲ್ಲಿ ಮೊದಲ ಸ್ವರವೇ ನುಂಗಿಹೋಗಿತ್ತು. ಹೊಸ ಕ್ಲಿಪ್ ಶುರುವಾದಾಗ ರಿಸೀವರ್ ಆಡಿಯೋ ಹಿಡಿದುಕೊಳ್ಳಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಚಂಡೆ ಪೆಟ್ಟಿನಂಥ ಗಿಡ್ಡ ಸದ್ದಾದರೆ ಪೂರ್ತಿಯೇ ಕಳೆದುಹೋಗಬಹುದು.

ಮದ್ದಳೆಮನೆ:
ತುಂಬಾ ಉಪಕಾರ ಸರ್. ಓಕೆ ಅರ್ಥವಾಯಿತು. ಆದರೆ ಅಪ್ಪಯ್ಯನಿಗೆ ಜಾಸ್ತಿ ಬೇಕಾಗಿರುವುದು ಬಾಣದ ಸದ್ದು. ಅದಕ್ಕೆ ಏನೂ ದಾರಿ ಇಲ್ಲವಾ?

ಕಾಫಿತೋಟ:
ಇದೆ. ಕೆಲಸ ಜಾಸ್ತಿ, ಆದರೆ ನಿಮ್ಮ ಕಾರಣ ನೋಡಿದರೆ ಮಾಡಲೇಬೇಕು.

ಬಟನ್‌ಗೆ ಆಟೋ ಆಕ್ಷನ್ ಅಂತ ಒಂದು ಗುಣ ಕೊಡಬಹುದು. ಕೆಲವು ಸಾಫ್ಟ್‌ವೇರಿನಲ್ಲಿ ಆಟೋ ಆಕ್ಟಿವೇಟ್ ಅಂತ ಇರುತ್ತದೆ. ಗುರುತು ಆ ಬಟನ್ ಮೇಲೆ ಬಂದ ತಕ್ಷಣ, ಓಕೆ ಒತ್ತದೆಯೇ ಅದು ಕೆಲಸ ಮಾಡುತ್ತದೆ. ಈಗ ಐದು ಬಟನ್ ಇದ್ದರೆ ಐದು ಮೆನು ಪುಟ ಮಾಡಿ, ನೋಡಲಿಕ್ಕೆ ಎಲ್ಲವೂ ಒಂದೇ. ಮೊದಲನೇ ಪುಟದಲ್ಲಿ ಒಂದನೇ ಬಟನ್ ಮಾತ್ರ ಮಾಮೂಲಿ, ಉಳಿದ ನಾಲ್ಕೂ ಆಟೋ. ಕೆಳಗಿನ ಬಾಣ ಒತ್ತಿದರೆ ಗುರುತು ಎರಡಕ್ಕೆ ಬರುತ್ತದೆ, ಬಂದದ್ದೇ ಎರಡನೇ ಪುಟಕ್ಕೆ ಹಾರುತ್ತದೆ. ಅಲ್ಲಿ ಎರಡು ಮಾಮೂಲಿ, ಉಳಿದದ್ದು ಆಟೋ. ಪ್ರತಿ ಪುಟಕ್ಕೂ ಅದರದ್ದೇ ಆಡಿಯೋ ಇರುವುದರಿಂದ ಹಾರಿದಾಗೆಲ್ಲ ಸದ್ದು ಬರುತ್ತದೆ.

ಆದರೆ ನನ್ನನ್ನು ಕೇಳಿದರೆ ಚಂಡೆ ಪೆಟ್ಟು ಬೇಡ. ಗುರುತು ಸರಿಯಿತು ಅಂತ ಗೊತ್ತಾದರೆ ಸಾಕಾ? ಎಲ್ಲಿಗೆ ಸರಿಯಿತು ಅಂತಲೂ ಗೊತ್ತಾಗಬೇಕಲ್ವಾ? ಪುಟದ ಆಡಿಯೋದಲ್ಲಿ ಹೆಸರನ್ನೇ ಹೇಳಿಸಿ. "ಒಂದು, ಒಡ್ಡೋಲಗ." "ಎರಡು, ಯುದ್ಧ." ಕಣ್ಣು ಕಾಣದವರಿಗಾಗಿ ಹೀಗೆ ಮಾತಾಡುವ ಮೆನು ಇರುವ ಡಿವಿಡಿಗಳು ಬ್ರಿಟನ್‌ನಲ್ಲಿ ಬಂದಿವೆ. ಪುಟ ಇಪ್ಪತ್ತು ಸೆಕೆಂಡ್ ಇರಲಿ, ಮೊದಲು ಮಾತು, ಆಮೇಲೆ ಮೌನ, ಮತ್ತೆ ಮೊದಲಿನಿಂದ. ಅವರು ಯೋಚಿಸುತ್ತಾ ಕೂತರೂ ತಾನಾಗಿ ಇನ್ನೊಮ್ಮೆ ಹೇಳುತ್ತದೆ.

ಎಡಿಟಿಂಗ್ ಟೇಬಲ್:
ಕಾಫಿತೋಟ ಹೇಳಿದ್ದೇ ಸರಿ, ನನಗೆ ಹೊಳೆದಿರಲಿಲ್ಲ. ಮೂರು ಎಚ್ಚರಿಕೆ ಸೇರಿಸುತ್ತೇನೆ. ಹಿನ್ನೆಲೆಗೆ ಹಾಡು ಇಡಬೇಡಿ, ಪುಟ ಹಾರಿದಾಗೆಲ್ಲ ಹಾಡು ಮೊದಲಿನಿಂದ ಶುರುವಾಗಿ ಕಿವಿಗೆ ಕಿರಿಕಿರಿ. ಪ್ರತಿ ಪುಟದಲ್ಲೂ ಗುರುತು ಯಾವ ಬಟನ್ ಮೇಲೆ ಶುರುವಾಗಬೇಕು ಅಂತ ಕಡ್ಡಾಯವಾಗಿ ಹೇಳಿ. ಪ್ಲೇಯರ್ ಕೊನೆಗೆ ಗುರುತಿದ್ದ ಬಟನ್‌ನ ನಂಬರ್ ನೆನಪಿಟ್ಟುಕೊಳ್ಳುತ್ತದೆ, ನೀವು ಹೇಳದಿದ್ದರೆ ಆಟೋ ಬಟನ್ ಮೇಲೆ ಇಳಿದು ತಾನೇ ಹಾರಿಬಿಡಬಹುದು. ಆಮೇಲೆ, ಮೊದಲು ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಮೇಲೆ ಬರೆದು ಅಪ್ಪಯ್ಯನ ಪ್ಲೇಯರಿನಲ್ಲೇ ನೋಡಿ. ಕಂಪ್ಯೂಟರಿನಲ್ಲಿ ಪುಟ ಪಟ್ಟನೆ ಹಾರುತ್ತದೆ. ಹಳೇ ಪ್ಲೇಯರಿನಲ್ಲಿ ಲೇಸರ್ ಸರಿದು ಹೊಸ ಜಾಗ ಹುಡುಕಬೇಕು, ಸ್ವಲ್ಪ ತಡವಾಗುತ್ತದೆ.

ಮದ್ದಳೆಮನೆ:
ಹತ್ತು ದಿನ ಹಿಡಿಯಿತು. ಮೊದಲನೇ ಆಟದ ಡಿಸ್ಕ್ ಆಯಿತು, 4.7 ಜಿಬಿಯಲ್ಲಿ ಎರಡು ಗಂಟೆ ಆಟ, ಐದು ಮೆನು ಪುಟ, ಐದು ಜಾಗಟೆ ಕ್ಲಿಪ್ ಎಲ್ಲ ಹಿಡಿಸಿತು.

ದನಿ ಅಮ್ಮನದ್ದು. ಅಡುಗೆಮನೆ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆ. "ಒಡ್ಡೋಲಗ" ಅನ್ನುವಾಗ ಮೊದಲ ಸಲ ನಾಚಿಕೊಂಡು ಪಿಸುಗುಟ್ಟಿದರು, ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು. ಜಾಗಟೆ ಟೇಪಿನಿಂದಲೇ ಕತ್ತರಿಸಿದ್ದು, ಅದರ ಹಿಂದೆ ಅಪ್ಪಯ್ಯನ ಮದ್ದಳೆಯೂ ಸಣ್ಣಗೆ ಕೇಳುತ್ತದೆ.

ನಿನ್ನೆ ರಾತ್ರಿ ಅವರ ಕೈಗೆ ರಿಮೋಟ್ ಕೊಟ್ಟೆ, ಏನೂ ಹೇಳಲಿಲ್ಲ. ಮೊದಲ ಮಾತಿಗೆ ಬೆಚ್ಚಿದರು. ಆಮೇಲೆ ಕೆಳಗೆ, ಕೆಳಗೆ, ಮತ್ತೆ ಮೇಲೆ. ಐದೂ ಕೇಳಿ ಮುಗಿಸಿ ವಾಪಸ್ ಎರಡಕ್ಕೆ ಬಂದು ಓಕೆ ಒತ್ತಿದರು. ಜಾಗಟೆ ಬಂತು, ಯುದ್ಧ ಶುರುವಾಯಿತು, ಎಡಗೈ ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿತು. ಒಂದೇ ಒಂದು ದೂರು ಹೇಳಿದರು. ಮೂರಕ್ಕೂ ನಾಲ್ಕಕ್ಕೂ ನಡುವೆ ತಡ ಜಾಸ್ತಿಯಂತೆ. ಪುಟಗಳನ್ನು ಡಿಸ್ಕಿನಲ್ಲಿ ಒಂದರ ಪಕ್ಕ ಒಂದು ಬರುವಂತೆ ಜೋಡಿಸಿದರೆ ಅದು ಕಮ್ಮಿ ಆಗುತ್ತದಾ ಸರ್? ಉಳಿದ ಎರಡು ಆಟ ಬರೆಯುವ ಮೊದಲು ತಿಳಿದರೆ ಒಳ್ಳೆಯದು.

ಎಡಿಟಿಂಗ್ ಟೇಬಲ್:
ಆಗಬಹುದು. ಐದೂ ಪುಟ ಒಂದೇ ಮೆನು ಗುಂಪಿನಲ್ಲಿ ಸಾಲಾಗಿ ಇರಲಿ, ಜಾಗಟೆ ಕ್ಲಿಪ್ಪುಗಳು ಅವುಗಳ ನಡುವೆ ಬರದಿರಲಿ. ಹಾಗೆ ಮಾಡಿ ಮತ್ತೆ ಆರ್‌ಡಬ್ಲ್ಯೂ ಮೇಲೆ ಬರೆದು ನೋಡಿ, ಏನಾಯಿತು ಹೇಳಿ. ಅಮ್ಮನಿಗೆ ನನ್ನ ನಮಸ್ಕಾರ.