ತೆಂಗಿನ ನಾರಿನ ಚಪ್ಪಡಿ: ಸಿಮೆಂಟಿನ ಕಾಲುಭಾಗ ತೆಗೆದು ಭತ್ತದ ಹೊಟ್ಟಿನ ಬೂದಿ ಹಾಕಬಹುದಾ?

ಪ್ರಶ್ನೆ:
ಅಂಗಳಕ್ಕೆ 2 ಅಡಿ ಚೌಕ, 40 ಮಿ.ಮೀ. ದಪ್ಪದ ಚಪ್ಪಡಿ ಹೊಯ್ಯಬೇಕು. ಕಂಬಿ ಇಲ್ಲ, ತೆಂಗಿನ ನಾರು ಮಾತ್ರ. ಸಿಮೆಂಟ್, ಎಂ-ಸ್ಯಾಂಡ್, 10 ಮಿ.ಮೀ. ಜಲ್ಲಿ ತೂಕದಲ್ಲಿ 1:2:3. ಸಿಮೆಂಟಿನ ಕಾಲುಭಾಗಕ್ಕೆ ಅಕ್ಕಿ ಗಿರಣಿಯ ಬೂದಿ ಹಾಕಿ ಕಲಸಿದ್ದು ಮಾರನೇ ದಿನವೂ ಉಗುರಿಗೆ ಕೆರೆದು ಬರುತ್ತಿದೆ. ನಾರೂ ಉಂಡೆಗಟ್ಟಿದೆ. ಬೆಲ್ಲದ ನೀರು ಹಾಕಿದರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ ಮೇಸ್ತ್ರಿ. ಹಾಕಲಾ?

ಉತ್ತರ 1:
ಬೆಲ್ಲ ಬೇಡವೇ ಬೇಡ. ಬೆಲ್ಲ, ಅಳಲೆಕಾಯಿ ಎಲ್ಲ ಸುಣ್ಣದ ಗಾರೆಗೆ. ಸಿಮೆಂಟಿಗೆ ಸಕ್ಕರೆಯ ಅಂಶ ಬಿದ್ದರೆ ಬಿಗಿಯುವುದು ತಡ. ಒಂದು ಮೂಟೆಗೆ 25 ಗ್ರಾಂ ಸಾಕು, ಗಂಟೆಗಟ್ಟಲೆ ಮುಂದೆ ಹೋಗುತ್ತದೆ. ನಿಮ್ಮದು ಮೆತ್ತಗೆ ಉಳಿದದ್ದಕ್ಕೆ ನಾರೂ ಕಾರಣವಿರಬಹುದು. ತೊಳೆಯದ ನಾರು ಟ್ಯಾನಿನ್ (ಒಗರಿನ ಅಂಶ), ಸಕ್ಕರೆ ಬಿಡುತ್ತದೆ, ಅವೂ ಅದೇ ಕೆಲಸ ಮಾಡುತ್ತವೆ. 24 ಗಂಟೆ ನೆನೆಸಿ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಚೆಲ್ಲಿ ಮತ್ತೆ ನೆನೆಸಿ. ಬಣ್ಣ ಬಿಡುವುದು ನಿಂತ ಮೇಲೆ ಒಣಗಿಸಿ 25–30 ಮಿ.ಮೀ. ಉದ್ದಕ್ಕೆ ಕತ್ತರಿಸಿ.

ಅಳತೆ: ಘನ ಮೀಟರಿಗೆ 6 ಕೆ.ಜಿ. ಒಣ ನಾರು, ಅಂದರೆ ಮೂಟೆಗೆ ಸುಮಾರು 800 ಗ್ರಾಂ. ಹಾಕುವ ಮುಂಚೆ ಒದ್ದೆ ಮಾಡಿ ಹಿಂಡಿ, ಇಲ್ಲವಾದರೆ ಮಿಶ್ರಣದ ನೀರನ್ನೇ ಕುಡಿಯುತ್ತದೆ. ಉಳಿದದ್ದೆಲ್ಲ ಕಲಸಿದ ಮೇಲೆ, ಮಿಕ್ಸರ್ ತಿರುಗುತ್ತಿರುವಾಗಲೇ ಬೆರಳಿನಿಂದ ಬಿಡಿಸಿ ಉದುರಿಸಿ. ಹಿಡಿಹಿಡಿಯಾಗಿ ಎಸೆದರೆ ಉಂಡೆ ಖಚಿತ.

ಉತ್ತರ 2:
ಬೂದಿ ವಿಷಯ. ಕಾಲುಭಾಗ ಜಾಸ್ತಿ ಆಯ್ತು. ಗಿರಣಿ ಬಾಯ್ಲರಿನ ಬೂದಿಗೆ 10%ರಿಂದ ಶುರುಮಾಡಿ: 45 ಕೆ.ಜಿ. ಸಿಮೆಂಟ್, 5 ಕೆ.ಜಿ. ಬೂದಿ. 15% ದಾಟಬೇಡಿ. ತೂಗಿಯೇ ಹಾಕಿ, ಬೂದಿ ಹಗುರ, ಬಕೆಟ್ ಲೆಕ್ಕ ಎಲ್ಲಿಗೋ ಹೋಗುತ್ತದೆ.

500–700 ಡಿಗ್ರಿಯಲ್ಲಿ ಸುಟ್ಟದ್ದಾದರೆ ಒಳಗಿನ ಸಿಲಿಕಾ ಸಿಮೆಂಟಿನಿಂದ ಹುಟ್ಟುವ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುವ ಸ್ಥಿತಿಯಲ್ಲಿರುತ್ತದೆ. 800 ಮೀರಿದರೆ ಹರಳುಗಟ್ಟಿ ಮರಳಿನ ಹಾಗೆ ಸುಮ್ಮನೆ ಕೂರುತ್ತದೆ. ಕಪ್ಪಗಿದ್ದರೆ ಸುಡದ ಇಂಗಾಲ ಉಳಿದಿದೆ, ಅದು ನೀರನ್ನೂ ಪ್ಲಾಸ್ಟಿಸೈಸರನ್ನೂ (ನೀರು ಹೆಚ್ಚಿಸದೆ ಮಿಶ್ರಣ ಸಡಿಲ ಮಾಡುವ ದ್ರವ) ಹೀರುತ್ತದೆ. ಬೂದು ಬಣ್ಣದ್ದು ವಾಸಿ. ಆದರೆ ಅರೆಯದೆ ಯಾವ ಬೂದಿಯೂ ಪ್ರಯೋಜನವಿಲ್ಲ. ಬಾಲ್ ಮಿಲ್‌ನಲ್ಲಿ (ಗುಂಡುಗಳಿಂದ ಅರೆಯುವ ಯಂತ್ರ) ಅರೆಸಿ, ಬಹುಪಾಲು 45 ಮೈಕ್ರಾನ್ ಜರಡಿ ದಾಟಬೇಕು. ಮಾಸ್ಕ್ ಹಾಕದೆ ಮುಟ್ಟಬೇಡಿ.

ಇನ್ನೊಂದು ಮಾತು, ಉಳಿತಾಯಕ್ಕಿಂತ ದೊಡ್ಡದು. ಸಿಮೆಂಟ್ ಬಿಗಿಯುವಾಗ ಹುಟ್ಟುವ ಸುಣ್ಣದ ಕ್ಷಾರ ನಾರನ್ನು ತಿಂದು, ಎಳೆಯೊಳಗೆ ಕೂತು, ಕೆಲವು ವರ್ಷಕ್ಕೆ ಅದನ್ನು ಪುಡಿಯಾಗಿಸುತ್ತದೆ. ಒಳ್ಳೆ ಬೂದಿ ಆ ಸುಣ್ಣವನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಬೂದಿ ನಾರಿಗೆ ಕಾವಲು.

ಪ್ರಶ್ನೆ ಕೇಳಿದವರು:
ಚೀಲದ ಮೇಲೆ ಪಿಪಿಸಿ ಎಂದಿದೆ. ತೊಂದರೆಯಾ?

ಉತ್ತರ 2:
ಅಲ್ಲೇ ಇದೆ ನೋಡಿ. ಪಿಪಿಸಿ ಎಂದರೆ ಬೆರಕೆ ಸಿಮೆಂಟ್. ಹಾರುಬೂದಿಯ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ) ಪಿಪಿಸಿಯಲ್ಲಿ ಆ ಬೂದಿ 15–35% ಆಗಲೇ ಸೇರಿದೆ. ಅದರ ಮೇಲೆ ಮತ್ತೆ ಕಾಲುಭಾಗ ಬೂದಿ ಎಂದರೆ ನಿಜವಾದ ಸಿಮೆಂಟ್ ಉಳಿದದ್ದೇ ಸುಮಾರು 49–64%. ಬೂದಿ ಸೇರಿಸುವುದಾದರೆ ಒಪಿಸಿ (ಬೂದಿ ಬೆರೆಸದ ಸಾದಾ ಸಿಮೆಂಟ್) ತಗೊಳ್ಳಿ.

ಉತ್ತರ 3:
ನೀರು 50 ಕೆ.ಜಿ. ಸಿಮೆಂಟ್-ಬೂದಿಗೆ 22–23 ಲೀಟರ್, ಮರಳಿನ ಒದ್ದೆ ಕಳೆದು. ಮಿಶ್ರಣ ಗಟ್ಟಿ ಅನ್ನಿಸಿದರೆ ಪ್ಲಾಸ್ಟಿಸೈಸರ್ ಹಾಕಿ, ನೀರಲ್ಲ. 14 ದಿನ ಗೋಣಿ ಹೊದಿಸಿ ಒದ್ದೆ ಇಡಿ, ಬೂದಿಯ ಕೆಲಸ ನಿಧಾನ. ಬೂದಿ ಹಾಕಿದ್ದು ಮೂರು, ಹಾಕದ್ದು ಮೂರು ಕ್ಯೂಬ್ (ಬಲ ಪರೀಕ್ಷೆಯ ಕಾಂಕ್ರೀಟ್ ಘನ) ತೆಗೆದು 28 ದಿನಕ್ಕೆ ಒಡೆಸಿ ನೋಡಿ. ಕಂಬಿ ಇರುವ ಲಿಂಟೆಲ್, ಸ್ಲ್ಯಾಬಿಗೆ ಇದೇ ಅಳತೆ ಬಳಸಬೇಡಿ. ಅಲ್ಲಿ ಕಂಬಿ ತುಕ್ಕು ಹಿಡಿಯದಿರಲು ಸುಣ್ಣದ ಆ ಕ್ಷಾರ ಬೇಕು.